ಕಾರ್ನೆಟ್ ಸಾಹೇಬರ ಮುಂದಿನ ಹಲ್ಲು

ಹಲ್ಲು ಕೀಳೋಕೆ ತೋಳಲ್ಲಿ ಶಕ್ತಿ ಬೇಕು, ಸೊಟ್ಟ ಹಲ್ಲನ್ನ ಸಾಲಿಗೆ ತರೋಕೆ ಮೊಂಡುತನ ಬೇಕು. ನನ್ನ ತೋಳಿನ ವಿಷಯ ಬಿಡಿ. ಮೊಂಡುತನಕ್ಕೆ ಮಾತ್ರ ನಮ್ಮ ಮನೆತನದಲ್ಲಿ ಯಾವತ್ತೂ ಬರಗಾಲ ಬಂದಿದ್ದಿಲ್ಲ. ಆ ಕಾರ್ನೆಟ್ ಸಾಹೇಬರ ಹಲ್ಲಿನ ಕೆಲಸ ನೆನೆಸಿಕೊಂಡಾಗಲೆಲ್ಲ ಈಗಲೂ ನಾನು ಒಂದು ಗೇಣು ಎತ್ತರ ಬೆಳೆದ ಹಾಗಾಗುತ್ತೆ. ಜಂಬ ಅಂತೀರಾ? ಅನ್ನಿ, ನನಗೇನೂ ಬೇಜಾರಿಲ್ಲ.

ಯುದ್ಧ ನಡೀತಿದ್ದ ಕಾಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ಫ್ರೇಜರ್ ಟೌನಿನಲ್ಲಿ, ಮಸೀದಿ ರಸ್ತೆಯಿಂದ ಒಳಕ್ಕೆ ತಿರುಗೋ ಒಂದು ಬೀದಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕ್ಲಿನಿಕ್ಕು. ಒಂದು ಕಬ್ಬಿಣದ ಕುರ್ಚಿ, ಕಾಲಲ್ಲಿ ತುಳಿಯೋ ಡ್ರಿಲ್ಲು, ಹಿತ್ತಲಲ್ಲಿ ಹಲ್ಲಿನ ಸೆಟ್ಟು ಬೇಯಿಸೋ ಹಬೆ ಪಾತ್ರೆ. ಸಹಾಯಕ್ಕೆ ಹಲಸೂರಿನ ಒಬ್ಬ ನರ್ಸಮ್ಮ ಇದ್ದರು. ವಯಸ್ಸಲ್ಲಿ ನನಗಿಂತ ದೊಡ್ಡವರು, ಮಾತಲ್ಲಿ ಎಲ್ಲರಿಗಿಂತ ದೊಡ್ಡವರು. ಹೆಂಗಸು ಹಲ್ಲು ಕೀಳ್ತಾಳಂತೆ ಅಂತ ಬರೀ ನೋಡೋಕೆ ಬರೋರು ಆಗ ಬೇಕಾದಷ್ಟು ಜನ. ಅಂಥವರನ್ನ ನರ್ಸಮ್ಮ "ನೋಡಿದ್ದಾಯ್ತಲ್ಲ, ಈಗ ಬಾಯಿ ತೆಗೀರಿ" ಅಂತ ಕುರ್ಚಿ ಮೇಲೆ ಕೂರಿಸಿಬಿಡೋರು.

ಒಂದು ಬೆಳಿಗ್ಗೆ ಕಂಕುಳಲ್ಲಿ ಕಾರ್ನೆಟ್ ಇಟ್ಟುಕೊಂಡು ಒಬ್ಬರು ಬಂದರು. ಕಾರ್ನೆಟ್ ಅಂದರೆ ಗೊತ್ತಲ್ಲ, ಟ್ರಂಪೆಟ್ಟಿನ ತಮ್ಮನ ಹಾಗಿರೋ ಹಿತ್ತಾಳೆ ವಾದ್ಯ, ಮದುವೆ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಕೇಳಿಸೋದು ಅದೇ. ವಯಸ್ಸು ಮೂವತ್ತು ದಾಟಿತ್ತು. ಈಗ ಶಿವಾಜಿನಗರ ಅಂತೀವಲ್ಲ, ಆಗ ಬ್ಲ್ಯಾಕ್‌ಪಲ್ಲಿ, ಅಲ್ಲಿನ ಬ್ಯಾಂಡ್‌ಸೆಟ್ಟಿನಲ್ಲಿ ಮೊದಲನೇ ಕಾರ್ನೆಟ್ ಅವರದ್ದು. ಮೇಲ್ತುಟಿ ಕಡುಬಿನ ಹಾಗೆ ಊದಿಕೊಂಡಿತ್ತು. ತುಟಿ ಎತ್ತಿ ನೋಡಿದರೆ ಒಳಗಡೆ ಹಳೇ ಗಾಯದ ಮೇಲೆ ಹೊಸ ಗಾಯ.

"ಡಾಕ್ಟರಮ್ಮಾ, ಬಾಯಲ್ಲಿ ಒಂದೇ ಒಂದು ಹಲ್ಲು ನಂಗೆ ದುಶ್ಮನ್ ಆಗ್ಬಿಟ್ಟಿದೆ" ಅಂದರು.

ಒಂದೇ ಅಲ್ಲ, ಮೇಲಿನ ಸಾಲೇ ಸಂತೆಯಾಗಿತ್ತು. ದವಡೆ ಚಿಕ್ಕದು, ಹಲ್ಲು ದೊಡ್ಡವು. ಜಾಗ ಸಾಲದೆ ಒಂದರ ಮೇಲೊಂದು ಏರಿ ನಿಂತಿದ್ದವು. ಮುಂದಿನ ಎರಡು ದೊಡ್ಡ ಹಲ್ಲಲ್ಲಿ ಎಡಗಡೆಯದು ಪಕ್ಕದ್ದರ ಮುಂದೆ ಅಡ್ಡ ಬಂದು, ಅರ್ಧ ತಿರುಗಿ, ಅದರ ಮೂಲೆ ಚೂಪಾಗಿ ನೇರ ತುಟಿಗೆ ತಾಗೋ ಹಾಗಿತ್ತು. ಊದುವಾಗ ಮೌತ್‌ಪೀಸಿನ ಬಳೆ ಹೊರಗಿಂದ ತುಟಿಯನ್ನ ಒತ್ತುತ್ತೆ, ಒಳಗಿಂದ ಈ ಮೂಲೆ ಕುಯ್ಯುತ್ತೆ. ವಯಸ್ಸಲ್ಲಿದ್ದಾಗ ತಡಕೊಂಡಿದ್ದ ತುಟಿ ಈಗ ತಡೀತಿರಲಿಲ್ಲ. ಹಿಂದಿನ ದಿನದ ಮದುವೆಯಲ್ಲಿ ಮೇಲಿನ ಸ್ವರಕ್ಕೆ ಹೋದಾಗ ತುಟಿ ಒಡೆದು ರಕ್ತ ಬಂದು, ಸ್ವರ ಕೀರಲಾಗಿ, ಮದುವೆ ಗಂಡೇ ಕುದುರೆ ಮೇಲಿಂದ ತಿರುಗಿ ನೋಡಿದನಂತೆ.

"ಉಸ್ತಾದ್ರು ಹೇಳ್ಬಿಟ್ರು ಅಮ್ಮಾ. ಬರೋ ವರ್ಷದ ಲಗ್ನದ ಸೀಸನ್‌ಗಂಟ ನೋಡ್ತೀನಿ, ಆಗ್ಲೂ ಹಿಂಗೇ ಆದ್ರೆ ಕಾರ್ನೆಟ್ ಬೇರೆಯೋರಿಗೆ, ನಿಂಗೆ ಝಾಂಜ್ ಅಂತ."

ಉಸ್ತಾದರು ಅಂದರೆ ಬ್ಯಾಂಡಿನ ಯಜಮಾನರು, ಝಾಂಜ್ ಅಂದರೆ ದೊಡ್ಡ ತಾಳ. ಹುಡುಗನಾಗಿದ್ದಾಗಿಂದ ಮುಂದೆ ನಿಂತು ಊದಿದವರು ಹಿಂದೆ ಹೋಗಿ ತಾಳ ಕುಟ್ಟೋದು ಅಂದರೆ ಬ್ಲ್ಯಾಕ್‌ಪಲ್ಲಿಯಲ್ಲಿ ತಲೆ ಎತ್ತಿ ತಿರುಗೋ ಹಾಗಿರಲಿಲ್ಲ. ಅದನ್ನ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ದೊಡ್ಡವರ ಸೊಟ್ಟ ಹಲ್ಲಿಗೆ ಆಗ ಇದ್ದ ದಾರಿಗಳು ಇಷ್ಟೇ. ಅವನ್ನ ಅವರಿಗೆ ಬಿಡಿಸಿ ಹೇಳಿದೆ. ಆ ಹಲ್ಲನ್ನ ಕಿತ್ತು ಹಾಕಬಹುದು, ಆದರೆ ಮುಂದೆ ಕಿಂಡಿ ಆಗುತ್ತೆ, ತುಟಿಗೆ ಹಿಂದಿನ ಆಸರೆ ಹೋಗುತ್ತೆ. ಮುಂದಿನ ನಾಲ್ಕನ್ನೂ ಕಿತ್ತು ಕಟ್ಟೋ ಹಲ್ಲಿನ ಸೆಟ್ಟು ಕೂರಿಸಬಹುದು, ನೋಡೋಕೆ ಚೆಂದ, ಆದರೆ ಕಾರ್ನೆಟ್ಟಿನ ಒತ್ತಡಕ್ಕೆ ಸೆಟ್ಟು ಅಲ್ಲಾಡದೆ ಇರುತ್ತೆ ಅಂತ ನಾನು ಮಾತು ಕೊಡಲಾರೆ. ಮೂಲೆಯನ್ನ ಅರದಿಂದ ಉಜ್ಜಬಹುದು, ಸ್ವಲ್ಪ ಉಜ್ಜಿದರೆ ಸಾಲದು, ಜಾಸ್ತಿ ಉಜ್ಜಿದರೆ ಒಳಗಿನ ನರ ಬಿಚ್ಚಿಕೊಂಡು ಹಲ್ಲೇ ಸಾಯುತ್ತೆ. ಕೊನೆಯದು, ತಂತಿ ಕಟ್ಟಿ ಸ್ವಲ್ಪ ಸ್ವಲ್ಪವೇ ಸರಿಸೋದು. ಅದು ಮಕ್ಕಳಿಗೆ ಮಾಡೋ ಕೆಲಸ. ದೊಡ್ಡವರಿಗೆ ಮಾಡಿದ್ದನ್ನ ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ.

"ನಂಗೆ ಯಾವ್ದು ಹೇಳ್ತೀರಾ?" ಅಂದರು.

"ಒಂದು ವಾರ ಟೈಮ್ ಕೊಡಿ" ಅಂದೆ.

ನನಗೆ ಕೆಲಸ ಕಲಿಸಿದ ಹಿರಿಯ ಡಾಕ್ಟರು ದಂಡಿನಲ್ಲೇ ಇದ್ದರು. ಮೈಸೂರಿನ ಕಡೆಯವರು, ಪರದೇಶದಲ್ಲಿ ಓದಿ ಬಂದವರು. ದೊರೆಗಳೂ ಅವರ ಮುಂದೆ ಬಾಯಿ ತೆಗೆದು ಕೂತುಕೊಳ್ಳೋರು. ಬಾಯಿಯ ಅಚ್ಚು ತೆಗೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದರು.

"ನೋಡಮ್ಮಾ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೂವತ್ತರ ಮೇಲೆ ದವಡೆ ಮೂಳೆ ಕಲ್ಲು. ನಾಲ್ಕೂ ಕಿತ್ತು ಸೆಟ್ಟು ಹಾಕು. ಅವನು ಏನಾದ್ರೂ ಊದಿಕೊಳ್ಲಿ."

"ಸೆಟ್ಟಲ್ಲಿ ಊದೋಕಾಗಲ್ಲ ಸರ್."

"ಹಾಗಾದ್ರೆ ತಾಳ ಹೊಡೀಲಿ, ಅದೇನು ಪಾಪವೇ?"

ಅವರು ಕೆಟ್ಟವರಲ್ಲ, ದಿನಕ್ಕೆ ಅಷ್ಟೊಂದು ಬಾಯಿ ನೋಡೋರಿಗೆ ಒಂದು ಬಾಯಿ ಅಂದರೆ ಬರೀ ಒಂದು ಬಾಯಿ ಅಷ್ಟೆ. ಆದರೆ ಆ ಮಾತು ನನಗೆ ಚುರ್ ಅಂತು. ಕಲ್ಲನ್ನೂ ನೀರು ಸವೆಸುತ್ತಲ್ಲ, ನೋಡೇಬಿಡೋಣ ಅಂತ ಹಠ ಹಿಡಿದು ಮನೆಗೆ ಬಂದೆ.

ತಂತಿಯನ್ನ ಹಲ್ಲಿಗೇ ಕಟ್ಟಿ ಬಿಡೋ ಹಾಗಿರಲಿಲ್ಲ, ಊದಿದ ತಕ್ಷಣ ತುಟಿ ಚಿಂದಿ ಆಗ್ತಿತ್ತು. ಊದೋದು ಬಿಡಿ ಅನ್ನೋ ಹಾಗೂ ಇರಲಿಲ್ಲ, ಮನೆಯಲ್ಲಿ ಒಲೆ ಉರಿಯೋದು ಆ ಕಾರ್ನೆಟ್ಟಿನಿಂದಲೇ. ಅದಕ್ಕೇ ತೆಗೆದು ಹಾಕೋ ಪ್ಲೇಟು ಮಾಡೋದು ಅಂತ ನಿರ್ಧಾರ ಮಾಡಿದೆ. ಅಂಗುಳಕ್ಕೆ ಅಂಟಿ ಕೂರೋ ಗಟ್ಟಿ ರಬ್ಬರಿನ ಪ್ಲೇಟು, ಅದರಿಂದ ಹೊರಟು ಮುಂದಿನ ಹಲ್ಲುಗಳನ್ನ ಬಳಸಿ ಹೋಗೋ ಒಂದು ತಂತಿಯ ಬಿಲ್ಲು, ಹಿಂದಿನಿಂದ ಒತ್ತೋ ಒಂದು ಸಣ್ಣ ಸ್ಪ್ರಿಂಗು. ಬಿಲ್ಲು ಚೂಪು ಮೂಲೆಯನ್ನ ಒಳಕ್ಕೆ ತಳ್ಳುತ್ತೆ, ಸ್ಪ್ರಿಂಗು ಇನ್ನೊಂದು ಮೂಲೆಯನ್ನ ಹೊರಕ್ಕೆ ತಳ್ಳುತ್ತೆ, ಬೀಗದಲ್ಲಿ ಕೀಲಿ ತಿರುಗಿದ ಹಾಗೆ ಹಲ್ಲು ನಿಧಾನಕ್ಕೆ ತಿರುಗುತ್ತೆ. ಊದುವಾಗ ತೆಗೆಯೋದು, ಮಿಕ್ಕ ಹೊತ್ತೆಲ್ಲ ಹಾಕಿಕೊಂಡಿರೋದು.

ಅದಕ್ಕೂ ಮೊದಲು ಜಾಗ ಬೇಕಲ್ಲ. ಎಡಗಡೆ ಕೋರೆಹಲ್ಲಿನ ಹಿಂದಿನ ಒಂದು ಹಲ್ಲನ್ನ ಕಿತ್ತೆ. "ಒಂದು ಸೊಟ್ಟ ಇದ್ರೆ ಇನ್ನೊಂದು ನೆಟ್ಟಗಿರೋದನ್ನ ಕೀಳ್ತೀರಲ್ಲಮ್ಮಾ, ಇದ್ಯಾವ ಇನ್ಸಾಫು?" ಅಂದರು ಸಾಹೇಬರು, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ. ಬಸ್ಸಲ್ಲಿ ಒಬ್ಬರು ಇಳಿದರೆ ತಾನೇ ನಿಂತಿರೋರಿಗೆ ಜಾಗ ಅಂತ ನರ್ಸಮ್ಮ ಸಮಾಧಾನ ಹೇಳಿದರು.

ಆ ಯುದ್ಧದ ಕಾಲದಲ್ಲಿ ಹಲ್ಲಿನ ತಂತಿ ಬರೋದೇ ನಿಂತುಹೋಗಿತ್ತು. ಮದರಾಸಿಗೆ ಬರೆದರೆ ಇಲ್ಲ, ಬೊಂಬಾಯಿಗೆ ಬರೆದರೆ ಇಲ್ಲ. ಕೊನೆಗೆ ರಿಚರ್ಡ್ಸ್ ಟೌನಿನಲ್ಲಿ ಪಿಯಾನೊ ರಿಪೇರಿ ಮಾಡೋ ಒಬ್ಬ ಮುದುಕರ ಹತ್ತಿರ ಹೋಗಿ ಪಿಯಾನೊ ತಂತಿ ಕೇಳಿ ತಂದೆ. ಉಕ್ಕಿನ ತಂತಿ, ಸ್ಪ್ರಿಂಗಿನ ಗುಣಕ್ಕೆ ಎರಡು ಮಾತಿಲ್ಲ. ತಾಪತ್ರಯ ಅಂದರೆ ತುಕ್ಕು. ಎಂಜಲಲ್ಲಿ ಕೆಲವು ದಿನ ಇದ್ದರೆ ಕರ್ರಗಾಗಿ, ಹಲ್ಲೂ ಕರ್ರಗೆ. ಯೋಚನೆ ಮಾಡ್ತಾ ಕೂತಿದ್ದಾಗ ಬೀದಿಯಲ್ಲಿ "ಕಲಾಯ್, ಪಾತ್ರೆಗೆ ಕಲಾಯ್" ಅನ್ನೋ ಕೂಗು ಕೇಳಿಸ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಹಿತ್ತಾಳೆ ಪಾತ್ರೆಗೆ ತವರ ಬಳಿದು ಅದರಲ್ಲಿ ಹುಳಿ ಮಾಡಿ ಉಣ್ಣೋ ಜನ ನಾವು. ಬಗ್ಗಿಸಿದ ತಂತಿಗೂ ಅದನ್ನೇ ಬಳಿಸಿದರಾಯ್ತು. ಕಲಾಯಿಯವನು ಆ ಸಣ್ಣ ಬಿಲ್ಲನ್ನ ನೋಡಿ, "ಇದ್ರಲ್ಲಿ ಏನ್ ಅಡಿಗೆ ಮಾಡ್ತೀರಮ್ಮಾ?" ಅಂತ ಕೇಳಿದ. ಬೆಂಕಿ ಜಾಸ್ತಿ ಆದರೆ ತಂತಿಯ ಬಿಗಿ ಸತ್ತು ಮೆತ್ತಗಾಗುತ್ತೆ, ಅದಕ್ಕೇ ತವರ ಕರಗಿದ ತಕ್ಷಣ ತೆಗಿ ಅಂತ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಾವಲು ಕಾದೆ. ಬಿಲ್ಲು ಬೆಳ್ಳಗೆ ಫಳಫಳ ಅಂತ ಬಂತು. ತವರ ಸವೆದಾಗ ಮತ್ತೆ ಅವನಿಗೇ ಕೂಗು.

ಕೆಲಸ ಶುರುವಾಯ್ತು. ಬಿಲ್ಲನ್ನ ಬಿಗಿ ಮಾಡಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುತ್ತೆ, ಊದೋಕಾಗಲ್ಲ. ಹಾಗಾಗಿ ಬಿಗಿ ಮಾಡೋದು ಮದುವೆ ಇಲ್ಲದ ದಿನ ನೋಡಿಯೇ. ಅದನ್ನ ಲೆಕ್ಕ ಹಾಕೋದರಲ್ಲಿ ಸಾಹೇಬರನ್ನ ಮೀರಿಸೋರಿಲ್ಲ. "ಈ ವಾರ ಬೇಡ ಅಮ್ಮಾ, ನಿಮ್ಮೋರದ್ದು ಒಳ್ಳೆ ಲಗ್ನ ಇದೆ. ಆಷಾಢ ಬರ್ಲಿ, ಬೇಕಾದಷ್ಟು ಬಿಗೀರಿ." ನಮ್ಮ ಆಷಾಢ, ಅವರ ಮೊಹರಂ, ಕ್ರೈಸ್ತರ ಉಪವಾಸದ ದಿನ, ಮೂರೂ ಅವರ ನಾಲಿಗೆ ತುದಿಯಲ್ಲಿ. ನಮ್ಮ ಮನೆ ಪುರೋಹಿತರಿಗೂ ಅಷ್ಟು ಚೆನ್ನಾಗಿ ಮುಹೂರ್ತ ಬರುತ್ತಿರಲಿಲ್ಲ.

ಮೊದಲು, ಹಲ್ಲು ಕಿತ್ತು ಖಾಲಿ ಮಾಡಿದ್ದ ಜಾಗದ ಕಡೆಗೆ ಕೋರೆಹಲ್ಲು ಹಿಂದಕ್ಕೆ ಜರುಗಿತು. ಪ್ರತಿ ಸಲ ಅಳೆಯುವಾಗ ಅದೇ ಅನುಮಾನ. ಜರುಗಿದೆಯೋ, ನನ್ನ ಆಸೆಯೇ ಹಾಗೆ ಕಾಣಿಸ್ತಿದೆಯೋ? ಒಂದು ದಿನ ಅದಕ್ಕೂ ಪಕ್ಕದ ಮುಂದಿನ ಹಲ್ಲಿಗೂ ನಡುವೆ ಕಾಗದದ ಚೂರು ತೂರಿತು. ಮುಂದೊಂದು ದಿನ ಪೋಸ್ಟ್ ಕಾರ್ಡ್ ತೂರಿತು. ಮೂಳೆ ಕಲ್ಲಂತೆ ಕಲ್ಲು! ನಾನು ಆವತ್ತು ಕುರ್ಚಿ ಸುತ್ತ ಕುಣಿಯೋದೊಂದು ಬಾಕಿ.

ಅಷ್ಟರಲ್ಲಿ ಒಂದು ಅನಾಹುತ ಆಯ್ತು. ಬ್ಯಾಂಡಿನ ಕೆಂಪು ಕೋಟು ಯಾರ ಸ್ವಂತದ್ದೂ ಅಲ್ಲ, ಉಸ್ತಾದರದ್ದು. ಕೆಲಸದ ದಿನ ಪೆಟ್ಟಿಗೆಯಿಂದ ತೆಗೆದು ಹಂಚೋರು, ಮುಗಿದ ಮೇಲೆ ವಾಪಸ್. ಕೆ.ಆರ್.ಪುರದ ಒಂದು ಮದುವೆಯಲ್ಲಿ ಸಾಹೇಬರು ಊದೋಕೆ ಮುಂಚೆ ಪ್ಲೇಟು ತೆಗೆದು ಕೋಟಿನ ಜೇಬಿಗೆ ಹಾಕಿದ್ದಾರೆ. ಮದುವೆ ಮುಗಿದು, ಊಟ ಆಗಿ, ಅಭ್ಯಾಸದ ಹಾಗೆ ಕೋಟು ಬಿಚ್ಚಿ ಕೊಟ್ಟಿದ್ದಾರೆ. ಕೋಟುಗಳೆಲ್ಲ ಗಂಟು ಕಟ್ಟಿಕೊಂಡು ಸೀದಾ ಅಗಸರ ಮನೆಗೆ! ಬಟ್ಟೆ ಬೇಯಿಸೋ ಉಬ್ಬೆಯ ಹಬೆಯಲ್ಲಿ ಬೆಂದು, ಕಲ್ಲಿನ ಮೇಲೆ ಒಗೆಸಿಕೊಂಡು, ನನ್ನ ಪ್ಲೇಟು ಹಪ್ಪಳದ ಚೂರಿನ ಹಾಗೆ ವಾಪಸ್ ಬಂತು. ಹೊಸದು ಮಾಡೋಷ್ಟರಲ್ಲಿ ಹಲ್ಲು ತನ್ನ ಹಳೇ ಜಾಗದ ಕಡೆ ಹೊರಟೇ ಬಿಟ್ಟಿತ್ತು.

"ನೀವು ಕಾರ್ನೆಟ್ ಅಗಸರಿಗೆ ಹಾಕ್ತೀರಾ?" ಅಂತ ಕೂಗಾಡಿದೆ.

"ತೋಬಾ ತೋಬಾ! ಕಾರ್ನೆಟ್ ನಂದು ಅಮ್ಮಾ, ಕೋಟು ಉಸ್ತಾದ್ರುದು" ಅಂತ ಕಿವಿ ಹಿಡಿದುಕೊಂಡರು. ನಗು ಬಂದು ಕೋಪವೆಲ್ಲ ಹಾಳಾಯ್ತು. ಆಮೇಲಿಂದ ಪ್ಲೇಟಿಗೆ ಒಂದು ಮುಲಾಮಿನ ಡಬ್ಬಿ, ಡಬ್ಬಿಗೆ ದಾರ, ದಾರ ಅವರ ಕೊರಳಿಗೆ. ಜನ ತಾಯತ ಅಂದುಕೊಂಡರಂತೆ, ಅಂದುಕೊಳ್ಳಲಿ.

ವರ್ಷ ಉರುಳಿತು. ಮದುವೆಗಳೇ ಇಲ್ಲದ ಕೊನೆಯ ತಿಂಗಳುಗಳಲ್ಲಿ ಕೆಲಸ ಜೋರಾಗಿ ಓಡಿತು. ಹೊಸ ಸೀಸನ್ನು ಹತ್ತಿರ ಬರೋ ಹೊತ್ತಿಗೆ ಆ ಹಲ್ಲು ತಿರುಗಿ, ಹಿಂದೆ ಸರಿದು, ಪಕ್ಕದ್ದರ ಭುಜಕ್ಕೆ ಭುಜ ಕೊಟ್ಟು ನಿಂತಿತ್ತು. ಹೊಲಿಗೆ ಮಿಷನ್ನಿನ ಹೊಲಿಗೆಯ ಹಾಗೆ ನೆಟ್ಟಗಿನ ಸಾಲು. ಅಚ್ಚು ತೆಗೊಂಡು ಹಿರಿಯ ಡಾಕ್ಟರ ಹತ್ತಿರ ಓಡಿದೆ. ಹಳೇದೂ ಹೊಸದೂ ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡಿದರು.

"ಮರ ಬಗ್ಗಿಸಿಬಿಟ್ಟೆಯಲ್ಲಮ್ಮಾ! ಇದನ್ನ ನಮ್ಮ ಡಾಕ್ಟರುಗಳ ಸಭೆಯಲ್ಲಿ ತೋರಿಸ್ಬೇಕು, ಜೋಪಾನವಾಗಿಡು."

ಆವತ್ತು ಮನೆಗೆ ನಡೆದುಕೊಂಡು ಬಂದೆನೋ ತೇಲಿಕೊಂಡು ಬಂದೆನೋ ನೆನಪಿಲ್ಲ.

ಮಾರನೇ ವಾರ ಕಾರ್ನೆಟ್ ಸಾಹೇಬರು ಬಂದರು. ತುಟಿಯಲ್ಲಿ ಗಾಯ ಇಲ್ಲ. ಮುಖದಲ್ಲಿ ಕಳೆಯೂ ಇಲ್ಲ.

"ಅಮ್ಮಾ, ಹಲ್ಲು ನೆಟ್ಟಗಾಯ್ತು. ಸುರ್ ಹೋಯ್ತು."

"ಅಂದ್ರೆ?"

ಕಾರ್ನೆಟ್ ತೆಗೆದು ಊದಿ ತೋರಿಸಿದರು. ಕೆಳಗಿನ ಸ್ವರಗಳು ಹೇಗೋ ಬಂದವು. ಮೇಲಕ್ಕೆ ಹೋದರೆ ಬರೀ ಗಾಳಿ, ಪುಸ್ ಅಂತ. ಮೌತ್‌ಪೀಸನ್ನ ಎಡಕ್ಕೆ ಇಡ್ತಾರೆ, ಜಾರುತ್ತೆ, ಬಲಕ್ಕೆ ಇಡ್ತಾರೆ, ಜಾರುತ್ತೆ. ಬೆವರು ಇಳೀತಿತ್ತು. ಸಾವಕಾಶವಾಗಿ ಅಭ್ಯಾಸ ಆಗುತ್ತೆ ಅಂತ ಹೇಳಿ ಕಳಿಸಿದೆ. ಆಗಲಿಲ್ಲ. ನಾಲ್ಕು ದಿನ ಬಿಟ್ಟು ಉಸ್ತಾದರೇ ಬಂದರು. ಬಿಳೀ ಗಡ್ಡ, ಕೈಯಲ್ಲಿ ಕೋಲು. ಬಾಗಿಲಲ್ಲೇ ನಿಂತು ಶುರು ಮಾಡಿದರು.

"ಏನ್ ಮಾಡಿದ್ರಿ ಡಾಕ್ಟರಮ್ಮಾ ನನ್ನ ಹುಡುಗನ್ಗೆ? ಇಷ್ಟ್ ದಿನ ರಕ್ತ ಬರ್ತಿತ್ತು, ಆದ್ರೆ ಸುರ್ ಬರ್ತಿತ್ತು!"

"ಕೂತ್ಕೊಳ್ಳಿ ಉಸ್ತಾದ್ರೇ. ಆ ಹಲ್ಲು ತುಟಿ ಕೊಯ್ತಿತ್ತು ಅಂತ ನೀವೇ ಅಲ್ವಾ ಝಾಂಜ್ ಕೊಡ್ತೀನಿ ಅಂದಿದ್ದು?"

"ಕೊಯ್ತಿತ್ತು, ನಿಜ. ಆದ್ರೆ ಆ ಹಲ್ಲು ನೋಡೇ ನಾನು ಅವ್ನಿಗೆ ಕಾರ್ನೆಟ್ ಕೊಟ್ಟಿದ್ದು!"

ನನಗೆ ಅರ್ಥವಾಗಲಿಲ್ಲ. ಅವರು ಕೋಲು ಗೋಡೆಗೆ ಒರಗಿಸಿ, ತಮ್ಮ ತುಟಿ ಎತ್ತಿ ತೋರಿಸಿದರು. ಅವರ ಮುಂದಿನ ಹಲ್ಲೂ ಒಂದು ಚೂರು ಮುಂದೆ ಇತ್ತು. ಅವರ ಬ್ಯಾಂಡಿನ ಪದ್ಧತಿಯೇ ಹಾಗಂತೆ. ಕಲಿಯೋಕೆ ಬಂದ ಹುಡುಗರ ಬಾಯಿ ತೆಗೆಸಿ ನೋಡೋದು. ಒಂದು ಹಲ್ಲು ಮುಂದೆ ಇದ್ದವನಿಗೆ ಕಾರ್ನೆಟ್ಟು, ಸಾಲು ನೆಟ್ಟಗಿದ್ದವನಿಗೆ ದೊಡ್ಡ ಬಾಯಿಯ ವಾದ್ಯ. ಮೌತ್‌ಪೀಸಿನ ಬಳೆಯನ್ನ ಆ ಮುಂದಿನ ಹಲ್ಲಿನ ಮೇಲೆ, ತುಟಿ ನಡುವೆ ಇಟ್ಟು, ಗೂಟಕ್ಕೆ ತಗುಲಿಸಿದ ಹಾಗೆ ಕೂರಿಸೋದು ಕಲಿಸ್ತಾರೆ. ಮಿಲಿಟರಿ ಬ್ಯಾಂಡಿನವರು ನಗ್ತಾರಂತೆ, ಆದರೆ ನಡೆದುಕೊಂಡು, ಕುಣಿಯೋ ಜನರ ಮಧ್ಯೆ ತಳ್ಳಿಸಿಕೊಂಡು ಊದೋರಿಗೆ ಆ ಗೂಟವೇ ಗತಿ. ಸಾಹೇಬರ ತುಟಿ ಹುಡುಗನಾಗಿದ್ದಾಗಿಂದ ಆ ಗೂಟದ ಮೇಲೆ ಕೂತು ಕಲಿತಿತ್ತು. ನಾನು ಗೂಟವನ್ನೇ ಗೋಡೆಗೆ ಸಮ ಮಾಡಿಬಿಟ್ಟಿದ್ದೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು.

ಹಿರಿಯ ಡಾಕ್ಟರಿಗೆ ಹೇಳಿದೆ. "ಹಲ್ಲು ಸರಿಯಾಗಿದೆ. ಊದೋದನ್ನ ಹೊಸದಾಗಿ ಕಲೀಲಿ" ಅಂದರು. ಶಾಸ್ತ್ರದ ಪ್ರಕಾರ ಅದೇ ಸರಿ. ಆದರೆ ಅದಕ್ಕೆ ವರ್ಷಗಳು ಬೇಕು, ಸೀಸನ್ನು ಬಾಗಿಲಲ್ಲಿತ್ತು. ಮೇಜಿನ ಮೇಲೆ ಆ ಹೊಸ ಅಚ್ಚು ಕೂತಿತ್ತು, ಒಂದು ಕೂದಲೆಳೆ ಆಚೀಚೆ ಇಲ್ಲ. ನನ್ನ ಕೈಯಾರೆ ಮಾಡಿದ್ದನ್ನ ನಾನೇ ಕೆಡಿಸಬೇಕಾ? ಎರಡು ದಿನ ಆ ಅಚ್ಚನ್ನ ತಿರುಗಿಸಿ ತಿರುಗಿಸಿ ನೋಡ್ತಾ ಕೂತೆ. ನರ್ಸಮ್ಮ ಕಾಫಿ ತಂದಿಟ್ಟು, "ಅಚ್ಚು ಊದಲ್ಲ ಡಾಕ್ಟ್ರೇ, ಮನುಷ್ಯ ಊದೋದು" ಅಂದರು. ಸಿಟ್ಟು ಬಂತು, ಯಾಕಂದರೆ ಅದು ನನಗೂ ಗೊತ್ತಿತ್ತು.

ಹಲ್ಲನ್ನ ಮುಂದಕ್ಕೆ ತರೋದು ಅಂತ ತೀರ್ಮಾನ ಮಾಡಿದೆ. ಆದರೆ ಎಷ್ಟು ಮುಂದಕ್ಕೆ? ಹಳೇ ಜಾಗಕ್ಕೆ ಹೋದರೆ ಮತ್ತೆ ರಕ್ತ. ಇದಕ್ಕೆ ಯಾವ ಪುಸ್ತಕದಲ್ಲೂ ಅಳತೆ ಇಲ್ಲ. ಯೋಚಿಸ್ತಾ ಯೋಚಿಸ್ತಾ, ಸೆಟ್ಟು ಮಾಡೋಕೆ ಬಳಸೋ ಗುಲಾಬಿ ಮೇಣದ ಹಾಳೆಯನ್ನ ಕೈಯಲ್ಲಿ ಹಿಚುಕ್ತಾ ಇದ್ದೆ. ತಟ್ಟನೆ ಹೊಳೀತು. ಹಲ್ಲು ಮುಂದೆ ಬರೋಕೆ ಮುಂಚೆಯೇ ಬಂದ ಹಾಗೆ ಮಾಡಿ ನೋಡಬಹುದಲ್ಲ!

ಸಾಹೇಬರನ್ನೂ ಉಸ್ತಾದರನ್ನೂ ಕರೆಸಿದೆ. ಹಲ್ಲನ್ನ ಒಣ ಬಟ್ಟೆಯಿಂದ ಒರೆಸಿ, ಅದರ ಮುಖದ ಮೇಲೆ ಮೇಣ ಬಿಸಿ ಮಾಡಿ ಮೆತ್ತಿದೆ, ದಪ್ಪಗೆ. ತಣ್ಣಗಾದ ಮೇಲೆ, "ಊದಿ" ಅಂದೆ.

"ಇಲ್ಲೇನಾ ಅಮ್ಮಾ?"

"ಇಲ್ಲಲ್ದೆ ಇನ್ನೆಲ್ಲಿ?"

ಊದಿದರು ನೋಡಿ! ಕ್ಲಿನಿಕ್ಕಿನ ಗಾಜಿನ ಬೀರು ಗಲಗಲ ಅಂತು. ಸ್ವರ ಬಂತು, ಆದರೆ ಮುಖ ಕಿವುಚಿದರು. ತುಟಿಗೆ ಒತ್ತುತ್ತೆ ಅಂದರು. ಚಾಕುವಿನಿಂದ ಒಂದು ಪದರ ಹೆರೆದೆ. ಮತ್ತೆ ಊದಿದರು. ಇನ್ನೊಂದು ಪದರ. ಉಸ್ತಾದರು ಕಣ್ಣು ಮುಚ್ಚಿ ಕೂತು, "ನಹೀಂ... ಇನ್ನೂ ಮೂಗಲ್ಲಿ ಬರ್ತಿದೆ... ಸ್ವಲ್ಪ ತೆಗೀರಿ" ಅಂತ ಹೇಳೋರು, ನಾನು ಹೆರೆಯೋಳು. ಒಂದು ಸಲ ಜಾಸ್ತಿ ಹೆರೆದು ಮತ್ತೆ ಪುಸ್ ಅಂತು, ಎಲ್ಲಾ ಕಿತ್ತು ಮೊದಲಿಂದ ಮೆತ್ತಿದೆ. ಬೀದಿಯಲ್ಲಿ ಜನ ಸೇರಿಬಿಟ್ಟರು. ಎದುರು ಮನೆಯ ಹೆಂಗಸು ಕಿಟಕಿಯಿಂದ, "ಡಾಕ್ಟ್ರ ಮನೇಲಿ ಯಾರ್ದು ಮದ್ವೆ?" ಅಂತ ಕೂಗಿದಳು. "ಹಲ್ಲಿಂದು!" ಅಂತ ನರ್ಸಮ್ಮ ಇಲ್ಲಿಂದಲೇ ಕೂಗಿದರು.

ಕೊನೆಗೆ ಉಗುರಿನ ದಪ್ಪದಷ್ಟು ಮೇಣ ಉಳಿದಾಗ ಆ ಮೇಲಿನ ಸ್ವರ ಬಂತು. ಬಂದು, ನಿಂತು, ಹಾಗೇ ಇತ್ತು. ಉಸ್ತಾದರು ಕಣ್ಣು ತೆಗೀಲಿಲ್ಲ. "ಬಸ್" ಅಂದರು. ಮುದುಕರ ಗಡ್ಡ ಒದ್ದೆಯಾಗಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ನಾಚಿಕೆ ಯಾಕೆ. ತುಟಿ ಎತ್ತಿ ನೋಡಿದೆ, ಒಂದು ಗೀರಿಲ್ಲ. ಹಿಂದೆ ಕೊಯ್ತಿದ್ದದ್ದು ಹಲ್ಲು ಮುಂದಿದ್ದದ್ದಕ್ಕಲ್ಲ, ತಿರುಗಿದ್ದದ್ದಕ್ಕೆ. ತಿರುವು ನಾನು ತೆಗೆದಾಗಿತ್ತು. ಮುಂದೆ ಇರೋದನ್ನ ಅವರಿಗೆ ಬಿಡಬೇಕಿತ್ತು, ಅಷ್ಟೇ.

ಆ ಮೇಣದ ಚೂರನ್ನ ಹುಷಾರಾಗಿ ಬಿಡಿಸಿ, ಅಳತೆ ಕಡ್ಡಿಯಲ್ಲಿ ಅದರ ದಪ್ಪ ಹಿಡಿದೆ. ಪ್ಲೇಟಿನ ಮುಂದಿನ ಬಿಲ್ಲನ್ನ ಅಷ್ಟೇ ದೂರ ಬಿಟ್ಟು ಬಗ್ಗಿಸಿದೆ, ಅದಕ್ಕಿಂತ ಮುಂದೆ ಹಲ್ಲು ಹೋಗದ ಹಾಗೆ ಅದೇ ಗಡಿ. ಹಿಂದೆ ಹೊಸ ಸ್ಪ್ರಿಂಗು, ಈ ಸಲ ಹಲ್ಲನ್ನ ತಿರುಗಿಸದೆ ನೇರ ಮುಂದಕ್ಕೆ ತಳ್ಳೋದು. ಬಂದ ದಾರಿಯಲ್ಲೇ ಹೋಗಬೇಕಿದ್ದರಿಂದಲೋ ಏನೋ ಹಲ್ಲು ಬೇಗ ಮಾತು ಕೇಳಿತು. ಬಿಲ್ಲಿಗೆ ಬಂದು ತಾಗಿದ ದಿನ ಸ್ಪ್ರಿಂಗು ತೆಗೆದು, ಹಲ್ಲು ಅಲ್ಲೇ ನೆಲೆ ನಿಲ್ಲೋ ಹಾಗೆ ಇನ್ನೊಂದು ಪ್ಲೇಟು ಕೊಟ್ಟೆ. ಊದದೆ ಇರೋ ಹೊತ್ತೆಲ್ಲ ಅದು ಬಾಯಲ್ಲಿ ಇರಲೇಬೇಕು ಅಂತ ಆಣೆ ಹಾಕಿಸಿಕೊಂಡೆ.

ಹೊಸ ಅಚ್ಚು ತೆಗೆದೆ. ಸಭೆಗೆ ತೋರಿಸೋ ಅಂಥದ್ದಲ್ಲ. ಒಂದು ಹಲ್ಲು ಉಗುರಿನಷ್ಟು ಮುಂದೆ ನಿಂತಿರೋ ಸಾಲು. ಹಿರಿಯ ಡಾಕ್ಟರು ಅದನ್ನ ನೋಡಿ, "ಯಾಕಮ್ಮಾ, ಕೊನೆಯಲ್ಲಿ ಕೈ ಬಿಟ್ಟೆ?" ಅಂತ ಬೇಜಾರು ಮಾಡಿಕೊಂಡರು. ಮುಗಿದಿದೆ ಸರ್ ಅಂದೆ. ಅವರು ತಲೆ ಅಲ್ಲಾಡಿಸಿ ಅಚ್ಚನ್ನ ನನ್ನ ಕೈಗೇ ವಾಪಸ್ ಕೊಟ್ಟರು.

ಸೀಸನ್ನಿನ ಮೊದಲ ದೊಡ್ಡ ಮದುವೆ ಹಲಸೂರಿನ ಒಂದು ಛತ್ರದಲ್ಲಿ. ಹೆಣ್ಣಿನ ಮನೆಯವರೆಲ್ಲ ಹಿರಿಯ ಡಾಕ್ಟರ ಹತ್ತಿರ ಹಲ್ಲು ತೋರಿಸೋರು, ಹಾಗಾಗಿ ಅವರಿಗೆ ಬಾಗಿಲ ಹೊರಗಿನ ಚಪ್ಪರದಲ್ಲಿ, ಮುಂದಿನ ಸಾಲಿನಲ್ಲಿ ಕುರ್ಚಿ. ಪಕ್ಕದಲ್ಲಿ ನಾನು. ಬೆಳಗಿನ ಹೊತ್ತು, ಗಂಡಿನ ದಿಬ್ಬಣ ಬೀದಿ ತುದಿಯಲ್ಲಿ ತಿರುಗಿತು. ಮುಂದೆ ಕೆಂಪು ಕೋಟುಗಳು, ಎಲ್ಲಕ್ಕಿಂತ ಮುಂದೆ ಕಾರ್ನೆಟ್ ಸಾಹೇಬರು. ಸುತ್ತ ಹುಡುಗರು ಕುಣೀತಾ, ತಳ್ತಾ, ಅವರ ಮೇಲೇ ಬೀಳ್ತಿದ್ದರು. ಛತ್ರದ ಬಾಗಿಲಿಗೆ ಬಂದಾಗ ಆ ಮೇಲಿನ ಸ್ವರ ಎತ್ತಿದರು. ಎತ್ತಿ ಹಿಡಿದರು. ಒಳಗೆ ಎಲೆ ಹಾಕ್ತಿದ್ದವರು ಕೂಡ ಹೊರಗೆ ಬಂದು ನಿಂತರು. ಸ್ವರ ಒಡೀಲಿಲ್ಲ, ಜಾರಲಿಲ್ಲ, ಮೆಟ್ಟಿಲು ಇಳಿದ ಹಾಗೆ ತಾನಾಗಿ ಇಳಿದು ಹಾಡಿಗೆ ಸೇರಿಕೊಂಡಿತು.

ಹಿರಿಯ ಡಾಕ್ಟರು ನನ್ನ ಕಡೆ ತಿರುಗಿದರು. "ಇವನೇನಾ?" ಅಂದರು. ನಾನು ತಲೆ ಆಡಿಸಿದೆ. ಅವರು ಎದ್ದು, ಪಂಚೆ ಎತ್ತಿ ಹಿಡಿದು, ಜನರನ್ನ ತಳ್ಳಿಕೊಂಡು ಸೀದಾ ಬ್ಯಾಂಡಿನ ಮುಂದೆ ಹೋಗಿ ನಿಂತರು. ಕನ್ನಡಕ ಹಣೆಗೇರಿಸಿದರು.

"ಎಲ್ಲಿ, ಬಾಯಿ ತೆಗಿಯಪ್ಪಾ. ಆ ಹಲ್ಲು ನೋಡೋಣ."

ಕಾರ್ನೆಟ್ ಸಾಹೇಬರು ಮೌತ್‌ಪೀಸನ್ನ ಒಂದು ಬೆರಳಷ್ಟು ಮಾತ್ರ ಕೆಳಗಿಳಿಸಿದರು.

"ಈಗಾಗಲ್ಲ ಸಾಹೇಬ್ರೇ. ಬಾಯಿ ಕೆಲ್ಸದ ಮೇಲಿದೆ."

ಅಂದವರೇ ಮತ್ತೆ ತುಟಿಗಿಟ್ಟು ಮುಂದಿನ ಚರಣ ಎತ್ತಿಕೊಂಡರು. ಹಿರಿಯ ಡಾಕ್ಟರು ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿ, ವಾಪಸ್ ಬಂದು ನನ್ನ ಪಕ್ಕ ಕೂತರು. ಕನ್ನಡಕ ಕೆಳಗಿಳಿಸಿಕೊಂಡು, ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಎಷ್ಟು ಮುಂದಕ್ಕೆ ಬಿಟ್ಟೆಯಮ್ಮಾ?"

"ಅವರಿಗೆ ಬೇಕಾದಷ್ಟು ಸರ್."